ನಾಲ್ಕು ಅಡಿ ಸಂದಿ ಮತ್ತು ನನ್ನ ಒಂದು ಸಹಿ

ಊರಿನ ಮನೆಗಳನ್ನೆಲ್ಲ ಹೊಸದಾಗಿ ಅಳೆದು, ಬೆಲೆ ಕಟ್ಟಿ, ತೆರಿಗೆ ನಿಗದಿ ಮಾಡುತ್ತಾರೆಂದು ಆಟೋ ಕೂಗಿಕೊಂಡು ಹೋದ ದಿನ ಕೊಟ್ಟೂರಿನಲ್ಲಿ ಹೆದರದ ಮನುಷ್ಯ ನಾನೊಬ್ಬನೇ. ಯಾಕೆಂದರೆ ನಾನು ಟೇಲರ್. ಮೂವತ್ತು ವರ್ಷದಿಂದ ಈ ಊರಿನ ಎದೆ, ಸೊಂಟ, ತೋಳು ಅಳೆದವನು. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವ ಮನುಷ್ಯರನ್ನೇ ಅಳೆದವನಿಗೆ, ಅಲ್ಲಾಡದೆ ನಿಂತ ಮನೆ ಯಾವ ಲೆಕ್ಕ!

ಅವರು ಬರುವ ಮೊದಲೇ ನಾನೇ ಅಳೆದಿಟ್ಟುಕೊಳ್ಳೋಣವೆಂದು ಹೊರಟೆ. ನನ್ನ ಟೇಪು ಐದು ಅಡಿಯದು. ಪ್ರತಿ ಐದು ಅಡಿಗೊಮ್ಮೆ ಹೆಂಡತಿ ಗೌರಮ್ಮ ಬೆರಳಿಟ್ಟು ಗುರುತು ಹಿಡಿಯಬೇಕು. ಮೊದಲ ಸಲ ಪಡಸಾಲೆ ಇಪ್ಪತ್ತು ಅಡಿ ಬಂತು. ಎರಡನೇ ಸಲ ಹದಿನೇಳು. ಮೂರನೇ ಸಲ ತಿರುಗಿ ನೋಡಿದರೆ ಗುರುತಿನ ಜಾಗದಲ್ಲಿ ಬೆರಳೇ ಇಲ್ಲ, ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸಾಲದ್ದಕ್ಕೆ, ಕೈ ರೂಢಿ ಬಿಡಬೇಕಲ್ಲ, ಪ್ರತಿ ಗೋಡೆಗೂ ಹೊಲಿಗೆಗೆಂದು ಎರಡೆರಡು ಇಂಚು ಹೆಚ್ಚಿಗೆ ಬರೆದುಕೊಂಡಿದ್ದೆ. ಒಟ್ಟಿನಲ್ಲಿ ಬೆಳಿಗ್ಗೆ ಇದ್ದದ್ದಕ್ಕಿಂತ ಸಾಯಂಕಾಲ ನಮ್ಮ ಮನೆ ದೊಡ್ಡದಾಗಿತ್ತು!

ಇಲ್ಲಿ ಸಂದಿಯ ವಿಷಯ ಹೇಳಲೇಬೇಕು. ನನ್ನ ಮನೆಗೂ ತಮ್ಮ ಬಸವರಾಜನ ಮನೆಗೂ ನಡುವೆ ನಾಲ್ಕು ಅಡಿ ಅಗಲದ ಸಂದಿ ಇದೆ. ಅಪ್ಪ ತೀರಿಕೊಂಡ ಮೇಲೆ ಹಿರಿಯರು ಕೂತು ಪಾಲು ಮಾಡಿದಾಗ ಸೌಟು, ಕೊಡಪಾನದವರೆಗೆ ಎಲ್ಲ ಹಂಚಿದರು, ಸಂದಿಯೊಂದನ್ನು ಮರೆತರು. ಬಸವರಾಜ ಉಚ್ಚಂಗಿದುರ್ಗಕ್ಕೆ ಅಮ್ಮನ ದರ್ಶನಕ್ಕೆ ಹೋದ ದಿನ ನೋಡಿ ನಾನು ಅಲ್ಲಿ ಕಬ್ಬಿಣದ ಮೆಟ್ಟಿಲು ನಿಲ್ಲಿಸಿಬಿಟ್ಟೆ. ಮಾಳಿಗೆಯ ಮೇಲಿನ ನನ್ನ ಹೊಲಿಗೆ ಅಂಗಡಿಗೆ ಇವತ್ತಿಗೂ ಅದೊಂದೇ ದಾರಿ. ಅವನು ಬಂದು ನೋಡಿ "ಸಂದಿ ನಂದು" ಅಂದ. ನಾನು "ನಂದು" ಅಂದೆ. ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ. ಗೋಡೆಯಾಚೆ ಅವನು ಕೆಮ್ಮಿದರೆ, ಇವನು ಒಂದಿಷ್ಟು ಕಷಾಯ ಕುಡಿಯಬಾರದೇ ಎಂದು ಸಂಕಟವಾಗುತ್ತಿತ್ತು. ಆದರೆ ಸಂದಿ ಬಿಟ್ಟುಕೊಡುವುದೇ? ಸಾಧ್ಯವಿಲ್ಲ!

ಅಳತೆಯವರು ಬರುವ ಹಿಂದಿನ ದಿನ ಮಂಡಕ್ಕಿ ಮಿರ್ಚಿ ಅಂಗಡಿಗೆ ಹೋದೆ. "ಒಂದ್ ಮೊಳ ಜಾಗ ಹೆಚ್ಚಿಗಿ ಬಂದ್ರೂ ತೆರಿಗಿ ಎರಡರಷ್ಟು ಆಕ್ಕತಂತ" ಎಂದ ಒಬ್ಬ. "ಖಾಲಿ ಜಾಗಕ್ಕ ದಂಡ ಐತಂತ" ಎಂದ ಇನ್ನೊಬ್ಬ. ಖಾಲಿ ಇದ್ದರೆ ದಂಡ, ಕಟ್ಟಿದರೆ ತೆರಿಗೆ, ತಗಡಿಗೆ ಒಂದು ದರ, ಆರ್‌ಸಿಸಿಗೆ ಮತ್ತೊಂದು. ಕೇಳಿದಷ್ಟೂ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಎರಡನೇ ಪ್ಲೇಟು ಮಿರ್ಚಿ ಮುಗಿಯುವಾಗ ಒಂದು ಮಾತ್ರ ತೀರ್ಮಾನವಾಗಿತ್ತು. ಸಂದಿ ಕಾಗದದ ಮೇಲೆ ತಮ್ಮನದಾಗಬೇಕು, ಮನಸ್ಸಿನಲ್ಲಿ ನನ್ನದಾಗಿರಬೇಕು. ತೆರಿಗೆ ಅವನು ಕಟ್ಟಲಿ, ಮೆಟ್ಟಿಲು ನಾನು ಹತ್ತುತ್ತೇನೆ!

ಮರುದಿನ ಒಬ್ಬ ಮೇಡಂ ಬಂದರು. ನಾನು ಗೌರವದಿಂದ ನನ್ನ ಟೇಪು ಮುಂದೆ ಹಿಡಿದೆ. ಅವರು ಅದರ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ಸಣ್ಣ ಯಂತ್ರ ಒತ್ತಿದರು, ಗೋಡೆಯ ಮೇಲೆ ಕೆಂಪು ಚುಕ್ಕೆ ಬಿತ್ತು, ಅಳತೆ ಮುಗಿಯಿತು! ಮೂವತ್ತು ವರ್ಷದ ಕಸುಬಿಗೆ ಇದಕ್ಕಿಂತ ಅವಮಾನ ಬೇಕೆ?

"ಈ ಸಂದಿ ಯಾರದ್ರಿ?" ಎಂದರು.

"ನಮ್ಮ ತಮ್ಮಂದ್ರಿ ಮೇಡಂ" ಎಂದೆ, ಬಹಳ ವಿನಯದಿಂದ.

ಬಸವರಾಜ ಹೊರಗೆ ಓಡಿಬಂದ. ಅವನೂ ಮಿರ್ಚಿ ಅಂಗಡಿಗೆ ಹೋಗಿ ಬಂದಿದ್ದನೆಂದು ಕಾಣುತ್ತದೆ. "ಇಲ್ರಿ ಮೇಡಂ, ಅದು ನಮ್ಮಣ್ಣಂದು! ಮೊದಲಿಂದನೂ ಅಣ್ಣಂದ ಐತಿ."

ಹನ್ನೊಂದು ವರ್ಷದ ಮೇಲೆ ಅವನ ಬಾಯಲ್ಲಿ 'ಅಣ್ಣ' ಕೇಳಿದೆ. ಆದರೂ ಬಿಡಲಿಲ್ಲ.

"ತಮ್ಮಂದ್ರಿ!"

"ಅಣ್ಣಂದ್ರಿ!"

ಎದುರು ಮನೆಯ ನೀಲಜ್ಜಿ ತಲೆಯ ಮೇಲೆ ಕೈ ಹೊತ್ತಳು. "ಯಪ್ಪಾ, ಮೊನ್ನಿತನ ಇಬ್ರೂ ನಂದು ನಂದು ಅಂತಿದ್ರಿ. ಈಗೇನಾತು? ನನಗ ತಲಿ ಕೆಟ್ಟೈತೋ, ನಿಮಗ ಕೆಟ್ಟೈತೋ?"

ಮೇಡಂ ಪೆನ್ನು ತೆಗೆದರು. "ಇಬ್ರದೂ ಅಲ್ಲಂದ್ರ ಪಂಚಾಯಿತಿ ಜಾಗ ಅಂತ ಬರ್ಕಂತೀನಿ."

"ಅದು ಹೆಂಗಾಕ್ಕತಿ!" ಇಬ್ಬರೂ ಒಟ್ಟಿಗೆ ಕೂಗಿದೆವು. ಅಂಥ ಒಗ್ಗಟ್ಟು ಅಪ್ಪನ ಕಾಲದಲ್ಲೂ ನಮ್ಮಲ್ಲಿ ಇರಲಿಲ್ಲ.

"ಹಂಗಾರ ಯಾರರ ಒಬ್ರು ಬರದು ಕೊಡ್ರಿ."

ತಮ್ಮ ಯೋಚಿಸುವಷ್ಟರಲ್ಲಿ ನಾನು ಕಾಗದ ಕಿತ್ತುಕೊಂಡೆ. ಕಿಟಕಿಯಲ್ಲಿ ಗೌರಮ್ಮ ಬೆರಳನ್ನು ಮತ್ತೆ ಮತ್ತೆ ಮೇಲಕ್ಕೆ ತೋರಿಸುತ್ತಿದ್ದಳು. ದೇವರ ಮೇಲೆ ಭಾರ ಹಾಕಿ ಬರೆಯಿರಿ ಎನ್ನುತ್ತಿದ್ದಾಳೆಂದುಕೊಂಡು, ಅತ್ತ ಕೈ ಮುಗಿದು ಬರೆದೆ: "ಸದರಿ ಸಂದಿಯು ಅದರೊಳಗಿನ ಸಮಸ್ತ ವಸ್ತುಗಳ ಸಮೇತ ನನ್ನ ತಮ್ಮನಾದ ಬಸವರಾಜನಿಗೆ ಸೇರಿದ್ದು, ಇದರಲ್ಲಿ ನನಗಾಗಲಿ ನನ್ನ ವಂಶದವರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ." ವಂಶದವರನ್ನು ಯಾರೂ ಕೇಳಿರಲಿಲ್ಲ. ಬರೆಯುವ ಹುಮ್ಮಸ್ಸಿನಲ್ಲಿ ಅವರೂ ಬಂದರು. ಸಹಿ ಹಾಕಿದೆ. ತಮ್ಮನೂ ಮುಖ ಸಣ್ಣದು ಮಾಡಿಕೊಂಡು ಸಹಿ ಹಾಕಿದ.

"ಪಾಪ, ತಮ್ಮಗ ತೆರಿಗಿ ಎಷ್ಟು ಬೀಳ್ತೈತ್ರಿ?" ಎಂದು ಕೇಳಿದೆ.

"ಈ ಸಂದಿಗಾ? ವರ್ಷಕ್ಕ ಒಂದ್ ಪ್ಯಾಂಟ್ ಹೊಲಿಸಿದಷ್ಟೂ ಆಗಂಗಿಲ್ರಿ" ಎಂದು ಮೇಡಂ ನಕ್ಕರು. ಆಮೇಲೆ ಕೆಂಪು ಚುಕ್ಕೆಯನ್ನು ಮೆಟ್ಟಿಲ ಮೇಲೆ ಬಿಟ್ಟರು. "ಅಂದಂಗ ಇದೂ ಈಗ ತಮ್ಮಂದ ಆತು. ನೀವು ಮಾಳಿಗಿಗೆ ಹೆಂಗ ಹತ್ತತೀರಿ?"

ನಾನು ಕಾಗದಕ್ಕೆ ಕೈ ಚಾಚಿದೆ. ಅದು ಆಗಲೇ ಮೇಡಂ ಚೀಲ ಸೇರಿತ್ತು.

ಗೌರಮ್ಮ ಲಟ್ಟಣಿಗೆ ಸಮೇತ ಹೊರಗೆ ಬಂದಳು. "ಅದನ್ನ ನಾನು ಆಗಿಂದ ಬಟ್ಟು ಮಾಡಿ ತೋರ್ಸಾಕತ್ತೀನಿ! ಮೆಟ್ಟಲಾ, ಮೆಟ್ಟಲಾ ಅಂತ! ನೀವು ನೋಡಿದ್ರ ನನಗ ಕೈ ಮುಗಿದು ಬರಿಯಾಕ ಹತ್ತಿದ್ರಿ!"

ಮರುದಿನ ಕಚೇರಿಗೆ ಓಡಿದೆ. ಗುಮಾಸ್ತರು ಸಮಾಧಾನದಿಂದಲೇ ಹೇಳಿದರು: "ಬದಲಿ ಮಾಡಬಹುದ್ರಿ. ಸಂದಿ ಮಾಲೀಕರ ಒಪ್ಪಿಗಿ ತಗಂಬರ್ರಿ." ಗೊಂದಲದಲ್ಲಿ, ಮಾಲೀಕರು ಯಾರು ಎಂದು ಕೇಳಿಬಿಟ್ಟೆ. ಅವರು ನನ್ನ ಅಕ್ಷರವನ್ನೇ ನನಗೆ ತೋರಿಸಿದರು.

ಬೇರೆ ದಾರಿಯಿಲ್ಲದೆ ತಮ್ಮನ ಬಾಗಿಲಿಗೆ ಹೋಗಿ ನಿಂತೆ. ಬಸವರಾಜ ನನ್ನನ್ನು ಒಳಗೆ ಕರೆದು ಕೂರಿಸಿದ. ಆಮೇಲೆ ಹೇಳಿದ: "ಅಣ್ಣ, ಕಾಗದ ಇದ್ದಂಗ ಇರ್ಲಿ. ಮೆಟ್ಟಲಾ ಕೀಳಸಂಗಿಲ್ಲ, ಹೆದರಬ್ಯಾಡ. ಹನ್ನೊಂದು ವರ್ಷ ಕೇಳದಂಗ ಹತ್ತಿದಿ. ಇನ್ಮ್ಯಾಲೆ ಹತ್ತೋ ಮುಂದ ನನಗೊಂದು ಮಾತು ಕೇಳಿ ಹತ್ತು. ಅಷ್ಟ ಸಾಕು."

ಬಾಡಿಗೆ ಕೇಳಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಏನನ್ನುವುದು? ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಈಗ ದಿನಾ ಬೆಳಿಗ್ಗೆ ಸಂದಿಯ ಬಾಯಲ್ಲಿ ನಿಂತು "ಬಸವರಾಜಾ, ಹತ್ತಲೇನಪ್ಪಾ?" ಎಂದು ಕೂಗುತ್ತೇನೆ. ಒಳಗಿನಿಂದ "ಚಾ ಕುಡದು ಹತ್ತು ಬಾ" ಎಂದು ಉತ್ತರ ಬರುತ್ತದೆ. ಅಂಗಡಿ ತೆರೆಯುವುದು ಅರ್ಧ ಗಂಟೆ ತಡ.

ನಿನ್ನೆ ಎರಡು ಸಲ ಕೂಗಿದರೂ ಉತ್ತರವಿಲ್ಲ. ಬಾಗಿಲಿಗೆ ಬೀಗ. ಯಾರದೋ ಲಗ್ನಕ್ಕೆಂದು ಇಟ್ಟಿಗಿ ಊರಿಗೆ ಹೋಗಿದ್ದಾನೆ, ಮಧ್ಯಾಹ್ನ ಬರುತ್ತಾನೆ ಎಂದು ನೀಲಜ್ಜಿ ಹೇಳಿದಳು. ಹತ್ತಬೇಡವೆಂದು ಯಾರೂ ತಡೆದಿರಲಿಲ್ಲ, ಆದರೆ ಕಾಲು ಮೇಲೇಳಲಿಲ್ಲ. ಅಷ್ಟರಲ್ಲಿ ಅಂಗಿ ಒಯ್ಯಲು ಗಿರಾಕಿಯೊಬ್ಬರು ಬಂದರು.

"ಯಾಕ್ರಿ ಟೇಲರ್, ಅಂಗಡಿ ತಗದಿಲ್ಲ?"

"ತಮ್ಮ ಲಗ್ನಕ್ಕಂತ ಇಟ್ಟಿಗಿಗೆ ಹೋಗ್ಯಾನ್ರಿ."

"ಅವ್ರು ಇಟ್ಟಿಗಿಗೆ ಹೋದ್ರ ನೀವ್ಯಾಕ ಇಲ್ಲಿ ನಿಂತೀರಿ?"

ಅವರಿಗೆ ಎಲ್ಲಿಂದ ಶುರು ಮಾಡಿ ಹೇಳುವುದು? "ಮಧ್ಯಾಹ್ನದ ಬಸ್ಸಿಗೆ ಬರ್ತಾನ್ರಿ, ಕುಂದರ್ರಿ" ಎಂದು ಕೆಳಗಿನ ಮೆಟ್ಟಿಲು ತೋರಿಸಿದೆ. ಅವರು ಕೂತರು. ಅದೂ ನನ್ನದಲ್ಲವೆಂದು ಆಮೇಲೆ ನೆನಪಾಗಿ ಅವರನ್ನು ಎಬ್ಬಿಸಿದೆ. ಬಸ್ಸು ಬರುವತನಕ ಇಬ್ಬರೂ ಬೀದಿಯಲ್ಲೇ ನಿಂತೆವು.