ಮುದ್ದೆಯೊಳಗಿನ ತುಪ್ಪ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಯಾರ ಹೊಟ್ಟೆಗೆ ಏನು ಒಳ್ಳೇದು ಅಂತ ಕೇಳದೇನೇ ಹೇಳೋ ಚಾಳಿ ನನಗೆ. ತುಮಕೂರಿನ ಪಕ್ಕದ ಮರಳೂರಲ್ಲಿ ನಮ್ಮ ಮನೆ, ಹಿತ್ತಲಲ್ಲಿ ಎಮ್ಮೆ ಇತ್ತು. ಬಂದವರಿಗೆಲ್ಲ ಒಂದು ಲೋಟ ಹಾಲು ಕುಡಿಸಿಯೇ ಕಳಿಸೋದು. ಊಟ ಆದಮೇಲೆ ನನ್ನ ಹೊಟ್ಟೆ ಮಾತ್ರ ಉಬ್ಬಿಕೊಂಡು ಗುಡುಗುಡು ಅನ್ನೋದು. ವಯಸ್ಸಾಯ್ತು ಅಂದುಕೊಂಡು ಇನ್ನೊಂದು ಲೋಟ ಮಜ್ಜಿಗೆ ಕುಡೀತಿದ್ದೆ.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ಗುಬ್ಬಿಯಲ್ಲಿ ಮೇಷ್ಟ್ರಾಗಿದ್ದ ನನ್ನ ಅಳಿಯ ಎರಡು ತಿಂಗಳ ಟ್ರೈನಿಂಗ್ ಅಂತ ತುಮಕೂರಿಗೆ ಬಂದು ನಮ್ಮಲ್ಲೇ ಉಳಿದರು. ಅವರಿಗೆ ಎದೆಯುರಿ. ಯಾವುದೋ ಪುಸ್ತಕ ಓದಿ ಕೋಳಿ, ಮೊಟ್ಟೆ, ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟಿದ್ದರು. ಕೋಳಿ ಬಿಟ್ಟಿದ್ದಕ್ಕೆ ನನ್ನ ತಕರಾರಿರಲಿಲ್ಲ, ಕೋಳಿಗೂ ಇರಲಿಲ್ಲ. ಆದರೆ ಅತ್ತೆ ಮನೇಲಿ ಅಳಿಯನಿಗೆ ತುಪ್ಪ ಇಲ್ಲ ಅಂದರೆ ಬೀಗರು ಏನಂದಾರು? ಮುದ್ದೆ ಕಟ್ಟುವಾಗಲೇ ಒಳಗೆ ಒಂದು ಚಮಚ ತುಪ್ಪ ಸೇರಿಸಿಬಿಡ್ತಿದ್ದೆ. ಮುದ್ದೆ ಅಗಿಯೋದಲ್ಲ, ಸಾರಲ್ಲಿ ಹೊರಳಿಸಿ ನುಂಗೋದು. ಹುರುಳಿ ಸಾರಿನ ಘಮದಲ್ಲಿ ತುಪ್ಪ ಯಾರಿಗೆ ಗೊತ್ತಾಗುತ್ತೆ.

ಮೂರು ವಾರ ಕಳೆದ ಮೇಲೆ ಅಳಿಯ ಹೇಳಿದರು, "ಅತ್ತೆ, ಎದೆಯುರಿ ನಿಂತೇ ಹೋಯ್ತು. ಊರಿಗೆ ಹೋದ ತಕ್ಷಣ ಪುಟ್ಟಿಗೂ ಹಾಲು ನಿಲ್ಲಿಸಿಬಿಡ್ತೀನಿ."

ಪುಟ್ಟಿ ನನ್ನ ಮೊಮ್ಮಗಳು, ಎರಡು ವರ್ಷದ ಕಡ್ಡಿ. ಅನ್ನ ಕಂಡರೆ ಮುಖ ತಿರುಗಿಸೋಳು. ಹಾಲೇ ಅವಳ ಊಟ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನಿಲ್ಲಿಸಬೇಡಿ. ನೀವು ಇಷ್ಟು ದಿನ ನುಂಗಿದ ಮುದ್ದೇಲೆಲ್ಲಾ ತುಪ್ಪ ಇತ್ತು," ಅಂದೆ.

ಅಳಿಯ ರೇಗಲಿಲ್ಲ. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗೀನ ನೋಡೋ ಹಾಗೆ ನೋಡಿದರು. "ಹಾಗಾದ್ರೆ ಪರೀಕ್ಷೆ ಮತ್ತೆ ಬರೀಬೇಕು. ಈ ಸಲ ನೀವೂ ಜೊತೇಲಿ ಕೂತ್ಕೊಳ್ಳಿ," ಅಂದರು. ಗುಬ್ಬಿಯಲ್ಲಿ ನನ್ನ ಮಗಳು ಪುಟ್ಟೀನ ಡಾಕ್ಟರಿಗೆ ತೋರಿಸಿದಾಗ, ಇಷ್ಟು ಸಣ್ಣ ಮಗೂಗೆ ಹಾಲು ನಿಲ್ಲಿಸೋದು ಬೇಡ ಅಂದರು. ನನಗೆ ಉಸಿರು ಬಂತು.

ಒಂದು ತಿಂಗಳು ನಾನೂ ಅಳಿಯ ತಿಂದಿದ್ದನ್ನೇ ತಿಂದೆ. ತುಪ್ಪ ಇಲ್ಲದ ಮುದ್ದೆ ನುಂಗಿದಾಗಲೂ ಅವರಿಗೆ ಎದೆಯುರಿ ಬರಲಿಲ್ಲ. ಕೋಳಿಸಾರು ಬಿಟ್ಟಿದ್ದಕ್ಕೋ, ಹೋಟೆಲ್ ಬೋಂಡ ತಪ್ಪಿದ್ದಕ್ಕೋ ಇಬ್ಬರಿಗೂ ತಿಳೀಲಿಲ್ಲ. ನನ್ನ ಹಳೇ ಮಂಡಿನೋವು ಹಾಗೇ ಇತ್ತು. ಹೊಟ್ಟೆಯ ಗುಡುಗುಡು ಮಾತ್ರ ಎರಡನೇ ವಾರಕ್ಕೇ ನಿಂತುಹೋಯ್ತು.

ಹೊರಡೋ ದಿನ ಅಳಿಯ, ಹೊಟ್ಟೆ ಹೇಗಿದೆ ಅತ್ತೆ ಅಂತ ಕೇಳಿದರು. ಹಾಗೇ ಇದೆ ಅಂದೆ.

ಈಗಲೂ ಬಂದವರಿಗೆ ಹಾಲು ಕುಡಿಸ್ತೀನಿ, ಜೊತೇಲಿ ಕೂತು ನಾನೂ ಒಂದು ಲೋಟ ಕುಡೀತೀನಿ. ನನ್ನ ಲೋಟ ಹಿತ್ತಾಳೇದು. ಒಳಗಿರೋದು ಬರೀ ಬಿಸಿನೀರು ಅಂತ ಯಾರಿಗೂ ಕಾಣಲ್ಲ.