ದೊಡ್ಡಪ್ಪನ ಕಾರಿನ ತಂಪು

ಪರಮೇಶ್ವರ ಭಟ್ಟರು ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಅವರ ಊರು ಕಾಣಿಯೂರಿಗೆ ಮುಟ್ಟಿದ ದಿನವೇ ಅವರ ಕಾರಿನ ಗುಟ್ಟೂ ಹೊರಬಿತ್ತು.

ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ ಭಟ್ಟರು ಕೊಂಡ ಅಮೆರಿಕದ ಕಾರು ಅದು. ಒಳಗೆ ತಂಪು ಗಾಳಿಯ ಯಂತ್ರವಿತ್ತು. ಯಾರನ್ನು ಹತ್ತಿಸಿಕೊಂಡರೂ ಭಟ್ಟರು ಗಾಜು ಏರಿಸಿ, "ಹೇಗುಂಟು ತಂಪು?" ಎಂದು ಕೇಳುವರು. ಹತ್ತಿದವರು ಬೆವರು ಒರೆಸಿಕೊಳ್ಳುತ್ತ, "ಮಡಿಕೇರಿಯ ಹಾಗೆ ಉಂಟು" ಎನ್ನುವರು. ಅಷ್ಟು ಒಳ್ಳೆಯ ಹಿರಿಯರಿಗೆ ಎದುರಾಡುವವರು ಯಾರು?

ಅಂದು ಭಟ್ಟರ ತಮ್ಮನ ಮಗ ಶ್ರೀಕೃಷ್ಣ, ದೊಡ್ಡಮ್ಮ ಶಂಕರಿಯನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅಳುತ್ತ ಕೂತಿದ್ದ ದೊಡ್ಡಮ್ಮ ನಡುದಾರಿಯಲ್ಲಿ ಅಳು ನಿಲ್ಲಿಸಿ, "ಗಾಜು ಇಳಿಸು ಮಗಾ. ಇಷ್ಟು ವರ್ಷ ಬೆಂದದ್ದು ಸಾಕು" ಎಂದರು. ಗಾಳಿ ಬೀಸಿತು. ಅವರು ಮತ್ತೆ ಅತ್ತರು.

ಉತ್ತರಕ್ರಿಯೆಯ ಹಿಂದಿನ ದಿನ ಬೆಳಿಗ್ಗೆ ದೊಡ್ಡಮ್ಮ ಶ್ರೀಕೃಷ್ಣನನ್ನು ಕರೆದರು.

"ನಿನ್ನ ದೊಡ್ಡಪ್ಪ ಜನ್ಮದಲ್ಲಿ ಹೇಳಿದ ಸುಳ್ಳು ಕಾರಿನ ತಂಪು ಒಂದೇ. ಅದನ್ನು ಹೊತ್ತುಕೊಂಡು ಅವರು ಮೇಲೆ ಹೋಗುದು ಬೇಡ. ಇವತ್ತು ಕಾರಿನಲ್ಲಿ ತಂಪು ಬರ್ಬೇಕು. ಮತ್ತೆ ಕಾರು ಯಾರಿಗೆ ಅಂತ ನೋಡುವ."

ಯಾರಿಗೆ ಎಂದು ನೋಡುವುದೇನು? ದೊಡ್ಡಮ್ಮನಿಗೆ ಮಕ್ಕಳಿಲ್ಲ. ಮನೆಯಲ್ಲಿ ಕಾರು ಬಿಡಲು ಬಲ್ಲವನು ತಾನೊಬ್ಬನೇ. ಶ್ರೀಕೃಷ್ಣ ಆಗಲೇ ಮನಸ್ಸಿನಲ್ಲಿ ಅದರಲ್ಲಿ ಕುಳಿತು ಸುಳ್ಯ ಪೇಟೆ ಸುತ್ತಿ ಬಂದಿದ್ದ.

ಮಂಗಳೂರಿನಲ್ಲಿ ಫ್ರಿಜ್ ರಿಪೇರಿ ಮಾಡುವ ಊರಿನ ಹೈದರ್, ಪಂಪು ಮತ್ತು ತಂಪು ಮಾಡುವ ಗ್ಯಾಸಿನ ಸಿಲಿಂಡರು ಹಿಡಿದುಕೊಂಡು ಬಸ್ಸಿಳಿದ.

"ನೀನೂ ಈ ಕಾರಿನಲ್ಲಿ ಕೂತವ. ಗ್ಯಾಸಿಲ್ಲ ಅಂತ ದೊಡ್ಡಪ್ಪನಿಗೆ ಹೇಳ್ಬಹುದಿತ್ತಲ್ಲ?" ಎಂದ ಶ್ರೀಕೃಷ್ಣ.

"ಹೇಳ್ಬೇಕು ಅಂತಲೇ ಬಾಯಿ ತೆರೆದದ್ದು. ಭಟ್ರ ಮುಖ ನೋಡಿದೆ. 'ಭಾರೀ ತಂಪುಂಟು' ಅಂತ ಬಂತು ಮಾರಾಯ್ರೆ!"

ಗ್ಯಾಸು ಎಲ್ಲಿ ಸೋರುತ್ತದೆಂದು ಹುಡುಕಲು ಹೈದರನಿಗೆ ಸಾಬೂನಿನ ನೊರೆ ಬೇಕಿತ್ತು. ಸೂತಕದ ಮನೆಯಲ್ಲಿ ಸಾಬೂನು ಇರಲಿಲ್ಲ. "ಅಂಟುವಾಳ ಆಗದಾ?" ಎಂದು ದೊಡ್ಡಮ್ಮ ಕಾಯಿ ಕಿವುಚಿ ಪಾತ್ರೆ ತುಂಬ ನೊರೆ ಎಬ್ಬಿಸಿ ಕೊಟ್ಟರು. ಸ್ವಲ್ಪ ಗ್ಯಾಸು ಬಿಟ್ಟು ಕೊಳವೆಗಳಿಗೆಲ್ಲ ನೊರೆ ಹಚ್ಚಿದಾಗ ಒಂದು ಕೀಲಿನಲ್ಲಿ ಗುಳ್ಳೆ ಎದ್ದಿತು.

"ನಾನು ಬಿಗಿ ಮಾಡ್ತೇನೆ" ಎಂದು ಪಕ್ಕದ ಮನೆಯ ಮಹಾಗಣಪತಿ ಸ್ಪಾನರು ಕಿತ್ತುಕೊಂಡ. ಅವನು ತಿರುಗಿಸಿದ್ದು ಉಲ್ಟ. ಕೊಳವೆ ಕಳಚಿ ಬುಸ್ಸೆಂದಿತು. "ಹಾವು!" ಎಂದು ಅವನು ಜಗಲಿಗೆ ಹಾರಿದ, ಪಾತ್ರೆಯ ನೊರೆಯೆಲ್ಲ ಶ್ರೀಕೃಷ್ಣನ ತಲೆಗೆ ಬಿತ್ತು.

"ಹೇಗೂ ನಿನ್ನ ಸ್ನಾನ ಆಯ್ತು" ಎಂದ ಮಹಾಗಣಪತಿ, ಜಗಲಿಯಿಂದಲೇ.

ಹೈದರ್ ಕೀಲಿಗೆ ಹೊಸ ವಾಶರು ಹಾಕಿದ. ಒಳಗಿನ ಗಾಳಿ, ನೀರಿನ ಪಸೆ ಎಲ್ಲ ಪಂಪಿನಿಂದ ಎಳೆದು ತೆಗೆದ. ಎಂಜಿನ್ ಚಾಲೂ ಮಾಡಿ ಹೊಸ ಗ್ಯಾಸು ತುಂಬತೊಡಗಿದ. ಗಾಜು ಏರಿಸಿ ಒಳಗೆ ಕುಳಿತು, ತಂಪು ಬಂದೊಡನೆ ಹೇಳುವ ಕೆಲಸ ಶ್ರೀಕೃಷ್ಣನದು. ಮೇ ತಿಂಗಳ ಬಿಸಿಲು. ಹಲಸಿನ ಎಲೆಯ ಕೊಟ್ಟೆಯೊಳಗಿನ ಇಡ್ಲಿ ಹಿಟ್ಟಿನಂತೆ ಅವನು ಬೇಯುತ್ತಿದ್ದ.

"ಬಂತಾ?"

"ಇಲ್ಲ!"

"ಬಂತು ಹೇಳು ಮಾರಾಯ, ಅಭ್ಯಾಸ ಉಂಟಲ್ಲ ನಿನಗೆ!" ಎಂದ ಮಹಾಗಣಪತಿ.

ಸಿಲಿಂಡರಿನ ಹೊರಮೈಗೆ ಹಿಮ ಕಟ್ಟಿತ್ತು. ಗ್ಯಾಸು ಮುಂದಕ್ಕೆ ಹೋಗುತ್ತಿರಲಿಲ್ಲ. "ಅಮ್ಮಾ, ಇದನ್ನು ಇಡ್ಲಿಕ್ಕೆ ಸ್ವಲ್ಪ ಉಗುರುಬಿಸಿ ನೀರು ಕೊಡಿ" ಎಂದ ಹೈದರ್.

"ತಂಪಿಗೆ ಬಿಸಿನೀರಾ? ಎಂತ ಕಾಲ ಬಂತಪ್ಪ!" ಎನ್ನುತ್ತ ದೊಡ್ಡಮ್ಮ ಬಚ್ಚಲಿನ ಹಂಡೆಯಿಂದ ನೀರು ತಂದರು.

ಸ್ವಲ್ಪ ಹೊತ್ತಿಗೆ ಕಾರಿನೊಳಗಿಂದ ಕೂಗು ಕೇಳಿತು. "ದೊಡ್ಡಮ್ಮಾ! ಬಂತು! ದೇವರಾಣೆ ಬಂತು!"

ಯಾರೂ ನಂಬಲಿಲ್ಲ. ಮಹಾಗಣಪತಿ ಒಳಗೆ ಕೂತು, ಹಲ್ಲು ಕಟಕಟಿಸುತ್ತ ಹೊರಬಂದ. ಆಮೇಲೆ ದೊಡ್ಡಮ್ಮ ಕೂತರು. ಗಾಳಿ ಬರುವಲ್ಲಿ ಅಂಗೈ ಇಟ್ಟರು. ಕಣ್ಣು ತುಂಬಿತು, ಮುಖ ಬೆಳಗಿತು.

"ಅವರ ಮಾತು ಸತ್ಯ ಆಯ್ತು ಮಗಾ. ನೀನು ಗೆದ್ದೆ" ಎಂದರು.

ಶ್ರೀಕೃಷ್ಣ ರಾಜ್ಯ ಗೆದ್ದವನಂತೆ ಕಾರನ್ನು ಒರೆಸಿ ಹೊಳೆಯಿಸಿದ.

ಸಂಜೆ ಪುರೋಹಿತರು ಬಂದು ಮರುದಿನದ ದಾನದ ಮಾತೆತ್ತಿದರು. "ಹೋದವರ ದಾರಿಯಲ್ಲಿ ಸುಡುಬಿಸಿಲಂತೆ. ಅದಕ್ಕೆ ಕೊಡೆ, ಪಾದರಕ್ಷೆ, ಬೀಸಣಿಗೆ ಕೊಡುದು. ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಸಿಗ್ತದೆ."

ದೊಡ್ಡಮ್ಮ ಅಂಗಳದಲ್ಲಿ ಹೊಳೆಯುತ್ತಿದ್ದ ಕಾರನ್ನು ನೋಡಿದರು.

"ಬೀಸಣಿಗೆಯ ಗಾಳಿ ಎಷ್ಟು ದೂರಕ್ಕೆ ಸಾಕು ಪುರೋಹಿತರೇ? ಕಾರನ್ನೇ ಕೊಡುವ. ತಂಪಿನಲ್ಲಿ ಹೋಗಲಿ ಅವರು."

ಪುರೋಹಿತರು ತಬ್ಬಿಬ್ಬಾದರು. "ನನಗೆ ಕಾರು ಬಿಡ್ಲಿಕ್ಕೆ ಬರುದಿಲ್ಲವಲ್ಲ?"

"ಅದಕ್ಕೆಂತ? ನಮ್ಮ ಶ್ರೀಕೃಷ್ಣ ನಿಮ್ಮ ಅಂಗಳದಲ್ಲಿ ಬಿಟ್ಟು ಬರ್ತಾನೆ."

ಮರುದಿನ ದಾನ ಮುಗಿಯಿತು. ಮಧ್ಯಾಹ್ನ ಶ್ರೀಕೃಷ್ಣ ಪುರೋಹಿತರನ್ನು ಕೂರಿಸಿಕೊಂಡು ಗಾಜು ಏರಿಸಿ ಹೊರಟ. "ಹೇಗುಂಟು ತಂಪು?" ಎಂದು ಕೇಳಿದ. ಅವರು ಶಾಲು ಹೊದ್ದುಕೊಂಡರು.

ಬೀಗದ ಕೈ ಒಪ್ಪಿಸಿ ಅವನು ಕ್ರಿಯೆಗೆ ಕೂತ ಬರಿಗಾಲಲ್ಲೇ ಮನೆಯ ದಾರಿ ಹಿಡಿದಾಗ ಕೆಂಪು ಮಣ್ಣು ಕಾವಲಿಯಂತೆ ಕಾದಿತ್ತು. ಒಂದು ಮರದ ನೆರಳಲ್ಲಿ ನಿಂತು ಕೈ ಮುಗಿದ. ಕಾರು ಕೈತಪ್ಪಿದ ಸಿಟ್ಟು ಅಷ್ಟರಲ್ಲೇ ಕರಗಿತ್ತು.

"ದೇವರೇ, ನನ್ನ ಕಾಲು ಸುಟ್ಟರೆ ಸುಡಲಿ. ದೊಡ್ಡಪ್ಪನ ದಾರಿ ತಂಪಾಗಿರಲಿ. ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು."