ತೆಂಗಿನಕಾಯಿ ಫಾರ್ಟಿಫೈವ್

ನಮ್ಮ ಚಿಕ್ಕಪ್ಪನಿಗೆ ಗುಂಡು ಹಾರಿದಾಗ ಜಗತ್ತಿನ ಎಲ್ಲ ಪಿಸ್ತೂಲುಗಳು ಕೈಗೆ ಕೊಡುವ ಒದೆಯೂ ಗೊತ್ತಿತ್ತು. ಅವುಗಳಲ್ಲಿ ಮುಕ್ಕಾಲು ಪಾಲನ್ನು ಅವರು ಕಣ್ಣಲ್ಲೂ ಕಂಡಿರಲಿಲ್ಲ ಎನ್ನುವುದು ಬೇರೆ ಮಾತು!

ತಮಿಳುನಾಡಿನ ಅವಿನಾಶಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ ಅವರ ಬಳಿ ಇದ್ದದ್ದು ಲೈಸೆನ್ಸಿನ ಒಂದೇ ರಿವಾಲ್ವರ್, ತರ್ಟಿಟೂ ಅಳತೆಯದು. ಕಳ್ಳರ ಭಯಕ್ಕೆಂದು ಕೊಂಡದ್ದು. ಆ ಮಗ್ಗಗಳ ಗದ್ದಲಕ್ಕೆ ಯಾವ ಕಳ್ಳ ತಾನೇ ಬಂದಾನು? ಹಾಗಾಗಿ ರಿವಾಲ್ವರಿಗೆ ಉಳಿದದ್ದು ಆಗಾಗ ಕೊಯಮತ್ತೂರಿನ ಶೂಟಿಂಗ್ ಕ್ಲಬ್ಬಿಗೆ ಹೋಗಿಬರುವ ಕೆಲಸ ಮಾತ್ರ.

ಚಿಕ್ಕಪ್ಪನಿಗೆ ಮಾತ್ರ ಬಿಡುವಿರಲಿಲ್ಲ. ಮದುವೆಗೆ ಕರೆಯಲು ಬಂದವರನ್ನೂ ಬಿಡದೆ, "ಕೈ ನೀಡು ಕಣ್ಣು" ಎಂದು ತಮಿಳಿನ ಮುದ್ದುಮಾತಲ್ಲಿ ಕರೆದು ಅಂಗೈಗೆ ನಿಂಬೆಹಣ್ಣು ಎಸೆಯುತ್ತಿದ್ದರು. ಒಂದೊಂದು ಹಣ್ಣೂ ಒಂದೊಂದು ಅಳತೆಯ ಗುಂಡಿನ ಒದೆ.

"ಇದು ಟೂಟೂ. ಒದೆನೇ ಇಲ್ಲ." ಆಮೇಲೆ ಮೋಸಂಬಿ. "ಇದು ನಮ್ಮ ತರ್ಟಿಟೂ. ಮರ್ಯಾದಸ್ಥ." ಆಮೇಲೆ ಬೇಲದ ಹಣ್ಣನ್ನು ರಪ್ಪನೆ ಬೀಸಿ, "ನೈನ್ ಎಂಎಂ. ಚುರುಕ್ ಅಂತ ಒದ್ದು ಬಿಟ್ಬಿಡ್ತದೆ." ಕೊನೆಗೆ ಸುಲಿದ ತೆಂಗಿನಕಾಯಿ ಎತ್ತಿ, "ಫಾರ್ಟಿಫೈವ್. ಇದು ಹೊಡಿಯಲ್ಲ ಸಾಮಿ, ತಳ್ತದೆ" ಎನ್ನುವಷ್ಟರಲ್ಲಿ ಬಂದವರು ಚಪ್ಪಲಿ ಹುಡುಕುತ್ತಿದ್ದರು. ಫಾರ್ಟಿಫೈವನ್ನು ಕಾಲ ಮೇಲೆ ಬೀಳಿಸಿಕೊಂಡ ಸಿಂಗಾನಲ್ಲೂರಿನ ನೆಂಟರೊಬ್ಬರು ಮುಂದಿನ ಮದುವೆಯ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರು.

ಗನ್ ಹಗುರವಾದಷ್ಟೂ ಒದೆ ಹೆಚ್ಚು ಎಂಬುದು ಎರಡನೆಯ ಪಾಠ. ಅದೇ ತೆಂಗಿನಕಾಯಿಯನ್ನು ದಪ್ಪಗಿದ್ದ ನಮ್ಮ ಮಾವನಿಗೂ ಕಡ್ಡಿಯಂತಿದ್ದ ನನಗೂ ಎಸೆದು ತೋರಿಸಿದರು. ಮಾವ ಅಲ್ಲಾಡಲಿಲ್ಲ. ನಾನು ಹೋಗಿ ತುಳಸಿ ಕುಂಡದ ಪಕ್ಕ ಕೂತೆ.

ಇಷ್ಟೆಲ್ಲ ಪಾಠವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದವರು ಚಿಕ್ಕಮ್ಮ. ಅವರಿಗಿದ್ದದ್ದು ಒಂದೇ ಆಸೆ.

"ಏನುಂಗ, ನಾನೂ ಒಂದ್ಸಲ ಕ್ಲಬ್ಬಿಗೆ ಬರ್ತೀನಿ. ಒಂದೇ ಒಂದು ಗುಂಡು ಹೊಡೀತೀನಿ."

"ನಿನ್ನ ಕೈ ತಡೆಯಲ್ಲ."

"ಎರಡು ಕೈಲಿ ಹಿಡ್ಕೊಂತೀನಿ."

"ಎರಡು ಕೈಲಿ ಹಿಡಿಯಾಕೆ ಅದೇನು ನೀರಿನ ಕೊಡವಾ?"

ಎರಡು ಕೈಯಲ್ಲಿ ಹಿಡಿಯುವುದೆಂದರೆ ಚಿಕ್ಕಪ್ಪನಿಗೆ ಅವಮಾನ. ಚಿಕ್ಕಮ್ಮ ನಕ್ಕು ಒಳಗೆ ಹೋಗುತ್ತಿದ್ದರು. ಮತ್ತೆ ಕೇಳುತ್ತಿದ್ದರು, ಮತ್ತೆ ಅದೇ ಉತ್ತರ.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನವರು ತಮ್ಮ ಗನ್ನನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಚಿಕ್ಕಪ್ಪ ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ಕೊಂಡೊಯ್ಯುತ್ತಿದ್ದರು. ಅಲ್ಲಿ ಎಣ್ಣೆ ಹಾಕಿದ್ದಾರೋ ಇಲ್ಲವೋ ಎಂದು ಆಮೇಲೆ ಹೋಗಿ ವಿಚಾರಿಸಿ ಬೈಸಿಕೊಂಡೂ ಬರುತ್ತಿದ್ದರು. ಫಲಿತಾಂಶ ಬಂದ ಮೇಲೆ ಗೆದ್ದ ಪಕ್ಷದವರಿಗಿಂತ ಮೊದಲು ಸ್ಟೇಷನ್ ಬಾಗಿಲಲ್ಲಿ ನಿಲ್ಲುವವರು ಇವರೇ.

ಒಂದು ಚುನಾವಣೆಯಾದ ಮೇಲೆ ಅವರು ತರಲು ಹೋಗಲೇ ಇಲ್ಲ. ಕೇಳಿದರೆ, "ಅಲ್ಲೇ ಇರ್ಲಿ ಬಿಡು" ಅಂದರು. ನೋಡಲು ಹೋದಾಗ ನನಗೆ ಕಾರಣ ತಿಳಿಯಿತು. ಅವರ ಬಲಗೈ ನಡುಗುತ್ತಿತ್ತು. ನಿಂಬೆಹಣ್ಣೂ ಅದರಲ್ಲಿ ನಿಲ್ಲುವಂತಿರಲಿಲ್ಲ.

ಚಿಕ್ಕಮ್ಮ ಕಾಪಿ ತಂದರು. ಲೋಟವನ್ನು ಅವರ ಕೈಗಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಸುತ್ತಿ ಹಿಡಿದರು. ನಡುಕ ನಿಂತಿತು. ಚಿಕ್ಕಪ್ಪ ಕುಡಿಯದೆ ಆ ಕೈಗಳನ್ನೇ ನೋಡುತ್ತ ಕೂತರು.

"ಫಾರ್ಟಿಫೈವ್ ಕೂಡ ನಿಲ್ತಿತ್ತು ಈ ಕೈಲಿ" ಅಂದರು. "ತಪ್ಪು ಮಾಡ್ಬಿಟ್ಟೆ. ಒಂದ್ಸಲನಾದ್ರೂ ಕೊಡ್ಬೇಕಾಗಿತ್ತು ನಿಂಗೆ."

"ಅಲ್ಲಾಡ್ಬೇಡಿ, ಕಾಪಿ ಚೆಲ್ತದೆ" ಅಂದರು ಚಿಕ್ಕಮ್ಮ. ಹಿಡಿದ ಕೈ ಮಾತ್ರ ಬಿಡಲಿಲ್ಲ.